ಡೊಮೇನ್ ಮಾರುವವರೇ, 'ಸರ್ಟಿಫಿಕೇಟ್ ಮಾಡಿಸಿ ಕಳಿಸಿ' ಅಂದರೆ ಅಲ್ಲಿಗೇ ನಿಲ್ಲಿಸಿ

ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಮಾರಲು ಇಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಓದಿ. ಕೊಳ್ಳಲು ಬಂದವನು ನಿಮ್ಮ ಹತ್ತಿರ ಮೌಲ್ಯಮಾಪನದ ಸರ್ಟಿಫಿಕೇಟ್ ಕೇಳಿದರೆ ಅವನು ಕೊಳ್ಳುವವನಲ್ಲ. ಅಷ್ಟೇ ವಿಷಯ. ನನ್ನ 17 ಸಾವಿರ ಚಿಲ್ಲರೆ ಹೀಗೇ ಹೋಯಿತು. ದುಡ್ಡು ಹೋದದ್ದಕ್ಕಿಂತ ಅವನು ಬರೆದ ಮೇಲ್‌ಗಳನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ನನ್ನದು ಕಾಸರಗೋಡಿನ ಬದಿಯಡ್ಕದ ಹತ್ತಿರ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಕನ್ನಡದಲ್ಲೂ ಮಲಯಾಳದಲ್ಲೂ ಅರ್ಜಿ. "ಒಟಿಪಿ ಯಾರಿಗೂ ಹೇಳ್ಬೇಡಿ ಮಾರಾಯ್ರೇ" ಅಂತ ಬಂದವರಿಗೆಲ್ಲ ಹೇಳುವವನು ನಾನೇ. ಈಗ ಗೊತ್ತಾಯಿತಲ್ಲ, ಊರಲ್ಲಿ ಯಾರಿಗೂ ಹೇಳದೆ ಇಲ್ಲಿ ಬಂದು ಯಾಕೆ ಬರೆಯುತ್ತಿದ್ದೇನೆ ಅಂತ.

2019ರಲ್ಲಿ ವಾಯ್ಸ್ ಡಾಟ್ ಕಾಮ್ ಅನ್ನುವ ಬರೀ ಒಂದು ಹೆಸರು 3 ಕೋಟಿ ಡಾಲರಿಗೆ ಮಾರಾಟವಾಯಿತು. ಆ ಸುದ್ದಿ ಓದಿ ಹೆಸರು ಕೊಂಡಿಟ್ಟವರು ನಮ್ಮಲ್ಲೂ ಇದ್ದಾರೆ. ನಾನೂ ಇಟ್ಟೆ. ಬೇಕಲ, ರಾಣಿಪುರಂ, ಕಾಸರಗೋಡು ಸೀರೆ, ಅಡಿಕೆ, ಇಂಥ ಪದಗಳು ಬರುವ ಕೆಲವು ಡಾಟ್ ಕಾಮ್, ಕೆಲವು ಡಾಟ್ ಇನ್. ಬೇಕಲ ಕೋಟೆಗೆ ಬರುವ ಜನ ನೋಡಿದರೆ ರಿಸಾರ್ಟಿನವರು ತಾವಾಗಿ ಕೇಳಿಕೊಂಡು ಬರುತ್ತಾರೆ ಅನಿಸಿತ್ತು.

ಯಾರೂ ಬರಲಿಲ್ಲ. ನಾನೇ ಹೋಗಿ ಕೇಳಿದರೆ ಹೋಂಸ್ಟೇಯವರು ಹೇಳಿದ್ದು ಒಂದೇ. "ಇನ್‌ಸ್ಟಾಗ್ರಾಂ ಉಂಟು, ಗೂಗಲ್ ಮ್ಯಾಪಲ್ಲಿ ಉಂಟು, ಬುಕಿಂಗ್ ವಾಟ್ಸಾಪಲ್ಲೇ ಆಗ್ತದೆ. ಇದೆಂತಕ್ಕೆ?" ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಡಾಟ್ ಕಾಮ್ ಸಿಗದಿದ್ದರೆ ಈಗ ಸಾವಿರಕ್ಕೂ ಜಾಸ್ತಿ ಬೇರೆ ಬಾಲಗಳಿವೆ, ಅಂದರೆ ಹೆಸರಿನ ಕೊನೆಗೆ ಡಾಟ್ ಹಾಕಿ ಬರುವ ಪದಗಳು. ಹೊಸ ಕಂಪನಿ ಶುರು ಮಾಡುವ ಹುಡುಗರು ಡಾಟ್ ಎಐ ಹುಡುಕುತ್ತಾರೆ. ನಮ್ಮಂಥ ಚಿಲ್ಲರೆ ಮಾರುವವರ ಹತ್ತಿರ ಬರುವವರು ಕಡಿಮೆಯಾಗಿದ್ದಾರೆ. ಹೆಸರು ಉಳಿಸಿಕೊಳ್ಳಲು ಕಟ್ಟುವ ನವೀಕರಣದ ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ. ಡಾಟ್ ಕಾಮ್‌ಗೆ ಅದನ್ನು ನಡೆಸುವ ವೆರಿಸೈನ್ ಕಂಪನಿ ಹಾಕುವ ಸಗಟು ದರ 2021ರ ಆಗಸ್ಟ್ ಕೊನೆಯವರೆಗೂ 7.85 ಡಾಲರ್ ಇತ್ತು. ಆಮೇಲೆ ವರ್ಷ ವರ್ಷ ಏರಿ 2024ರ ಸೆಪ್ಟೆಂಬರಿಗೆ 10.26 ಆಯಿತು. ಅದರ ಮೇಲೆ ನಮಗೆ ಹೆಸರು ಮಾರುವ ರಿಜಿಸ್ಟ್ರಾರ್ ಲಾಭ, ಅದರ ಮೇಲೆ ತೆರಿಗೆ, ಅದರ ಮೇಲೆ ಡಾಲರ್ ರೇಟು. ಹೊಸ ಬಾಲದ ಹೆಸರುಗಳದ್ದು ಇನ್ನೊಂದು ಆಟ. ಮೊದಲ ವರ್ಷ ನೂರು ರೂಪಾಯಿ, ಎರಡನೇ ವರ್ಷ ಕೆಲವೊಮ್ಮೆ ಸಾವಿರಗಟ್ಟಲೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಈ ಕಳ್ಳರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ನವೀಕರಣದ ದಿನ ಹತ್ತಿರ ಬರುವಾಗಲೇ ಮೇಲ್ ಬರುತ್ತದೆ. ಯಾವ ಹೆಸರು ಯಾವತ್ತು ಮುಗಿಯುತ್ತದೆ ಅಂತ ಯಾರು ಬೇಕಾದರೂ ನೋಡಬಹುದು, ಅಲ್ವಾ?

ಬಂತು. ಬೇಕಲದ ಹೆಸರಿಗೇ ಬಂತು. "ನಾನು ಹೂಡಿಕೆದಾರರ ಪರವಾಗಿ ಪ್ರವಾಸೋದ್ಯಮದ ಹೆಸರುಗಳನ್ನು ಕೊಳ್ಳುತ್ತೇನೆ. ನಿಮ್ಮ ಬೆಲೆ ಎಷ್ಟು?" ಒಳ್ಳೆಯ ಇಂಗ್ಲಿಷ್. ಒಂದು ತಪ್ಪಿಲ್ಲ. ಲಾಟರಿ ಬಂತು ಅನ್ನುವ ಥರದ ಮೇಲ್ ಅಲ್ಲವೇ ಅಲ್ಲ. ಚೌಕಾಸಿ ಮಾಡಲಿ ಅಂತ ಜಾಸ್ತಿಯೇ ಹೇಳಿದೆ, 4,800 ಡಾಲರ್. ಅವನು ಒಪ್ಪಿದ. ಹಾಗೇ ಒಪ್ಪಿದ! ಹಣ ಪೇಪಾಲ್ ಮೂಲಕ ಬೇಕಾ, ಎಸ್ಕ್ರೋ (ವ್ಯವಹಾರ ಮುಗಿಯುವವರೆಗೆ ಹಣವನ್ನು ಮೂರನೆಯವರು ಇಟ್ಟುಕೊಳ್ಳುವ ವ್ಯವಸ್ಥೆ) ಬೇಕಾ ಅಂತ ಅವನೇ ಕೇಳಿದ. ಎಸ್ಕ್ರೋ ಅಂದ ಮೇಲೆ ಇನ್ನೇನು ಸಂಶಯ?

ಮುಂದಿನ ಮೇಲಿನಲ್ಲಿ ಬಂದದ್ದು ಇದು. "ಕಳೆದ ಸಲ ಒಬ್ಬರು ನನಗೆ ಕದ್ದ ಹೆಸರು ಮಾರಿ ಮೋಸ ಮಾಡಿದರು. ಅದಕ್ಕೆ ನಾನು ಈಗ ಹುಷಾರು. ಹೆಸರಿನ ಮೌಲ್ಯ ಎಷ್ಟು, ಟ್ರೇಡ್‌ಮಾರ್ಕ್ ತಕರಾರು ಇದೆಯಾ ಅಂತ ಒಂದು ಸರ್ಟಿಫಿಕೇಟ್ ಬೇಕು. ಯಂತ್ರ ಕೊಡುವ ಉಚಿತ ಅಂದಾಜು ಆಗುವುದಿಲ್ಲ, ಮನುಷ್ಯರು ನೋಡಿ ಕೊಟ್ಟದ್ದಾಗಬೇಕು."

ನೋಡಿ, ಮೋಸ ಹೋದವನು ಅವನಂತೆ! ನಾನು ಅವನಿಗೆ ಸಮಾಧಾನ ಬೇರೆ ಬರೆದೆ. ಈಗ ಆ ಸಾಲು ನೋಡಿದರೆ ಫೋನ್ ಎತ್ತಿ ಎಸೆಯುವ ಹಾಗೆ ಆಗುತ್ತದೆ.

ಎಲ್ಲಿ ಮಾಡಿಸಬೇಕು ಅಂತ ಕೇಳಿದೆ. ಅವನು ನೇರವಾಗಿ ಹೇಳಲಿಲ್ಲ. "ನನಗೆ ಗೊತ್ತಿಲ್ಲ, ಇಲ್ಲಿ ಯಾರೋ ಇದೇ ಪ್ರಶ್ನೆ ಕೇಳಿದ್ದಾರೆ, ನೋಡಿ" ಅಂತ ಒಂದು ಲಿಂಕ್ ಕೊಟ್ಟ. ಅಲ್ಲಿ ಒಬ್ಬ ನನ್ನ ಹಾಗೆಯೇ ಕೇಳಿದ್ದ. ಇನ್ನೊಬ್ಬ ಒಂದು ಸೈಟಿನ ಹೆಸರು ಹೇಳಿ "ನನ್ನ ಹೆಸರು ಇದರಿಂದಲೇ ಮಾರಾಟವಾಯಿತು" ಅಂದಿದ್ದ. ಕೇಳಿದವನೂ ಈ ಕಳ್ಳನೇ, ಹೇಳಿದವನೂ ಈ ಕಳ್ಳನೇ. ನಾನು "ಇಷ್ಟು ಖರ್ಚು ಯಾಕೆ" ಅಂತ ಎಳೆದದ್ದಕ್ಕೆ ಬಂದ ಉತ್ತರ: "ಸರ್ಟಿಫಿಕೇಟಿನಲ್ಲಿ ಬೆಲೆ ಜಾಸ್ತಿ ಬಂದರೆ ನೀವೂ ಬೆಲೆ ಏರಿಸಬಹುದು. ನನಗೇನೂ ಅಭ್ಯಂತರವಿಲ್ಲ." ನನಗೇನೂ ಅಭ್ಯಂತರವಿಲ್ಲ! ಅವನಿಗೆ ಯಾಕೆ ಅಭ್ಯಂತರ ಇರುತ್ತದೆ?

ಮೌಲ್ಯಮಾಪನಕ್ಕೆ 129 ಡಾಲರ್, ಟ್ರೇಡ್‌ಮಾರ್ಕ್ ನೋಡಲು ಇನ್ನೂ 60. ಕಾರ್ಡಿನಲ್ಲಿ ಕಟ್ಟಿದೆ. ಪಿಡಿಎಫ್ ಬಂತು. ಚಿನ್ನದ ಬಣ್ಣದ ಅಂಚು, ಕೆಳಗೊಂದು ಮುದ್ರೆ. ನಾನು ಅಂಗಡಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಇದಕ್ಕಿಂತ ಚಂದ ಮಾಡಿ ಕೊಡುತ್ತಿದ್ದೆ. ಬೆಲೆ 6,900 ಡಾಲರ್ ಅಂತ ಬರೆದಿತ್ತು. ಕಳಿಸಿದೆ. "ತುಂಬ ಚೆನ್ನಾಗಿದೆ, ಹಣದ ವ್ಯವಸ್ಥೆ ಮಾಡುತ್ತೇನೆ" ಅಂತ ಒಂದು ಸಾಲು ಬಂತು. ಅದೇ ಕೊನೆ. ಆಮೇಲೆ ಬರೆದ ಯಾವ ಮೇಲಿಗೂ ಉತ್ತರವಿಲ್ಲ. ಬೈದು ಬರೆದೆ, ಅದಕ್ಕೂ ಇಲ್ಲ.

ಬೆಂಗಳೂರಿನಲ್ಲಿರುವ ಹೆಂಡತಿಯ ತಮ್ಮನಿಗೆ ಕೊನೆಗೂ ಹೇಳಬೇಕಾಯಿತು. ಅವನು ಕೇಳಿದ ಮೊದಲ ಮಾತೇ, "ಭಾವ, ಅವ ಚೌಕಾಸಿಯೇ ಮಾಡ್ಲಿಲ್ವಾ?" ಗೋಣಿ ಬಿಚ್ಚಿ ನೋಡದೆ ಅಡಿಕೆಗೆ ರೇಟು ಹೇಳುವ ವ್ಯಾಪಾರಿಯನ್ನು ನಮ್ಮೂರಲ್ಲಿ ಯಾರಾದರೂ ನಂಬುತ್ತಾರಾ? ಅವನು ಫೋನಿನಲ್ಲೇ ಆ ಸರ್ಟಿಫಿಕೇಟ್ ಸೈಟಿನ ಹೆಸರನ್ನು ಐಕ್ಯಾನ್‌ನ ಲುಕಪ್ ಪುಟದಲ್ಲಿ, ಅಂದರೆ ಡೊಮೇನ್ ಯಾವಾಗ ನೋಂದಣಿಯಾಯಿತು ಅಂತ ತೋರಿಸುವ ಪುಟದಲ್ಲಿ, ಹಾಕಿ ನೋಡಿದ. ಸೈಟಿನ ಅಡಿಯಲ್ಲಿ '2009ರಿಂದ ಸೇವೆಯಲ್ಲಿ' ಅಂತ ಬರೆದಿತ್ತು. ಡೊಮೇನ್ ನೋಂದಣಿಯಾದದ್ದು ಈ ವರ್ಷವೇ. ಆ ಸೈಟೂ ಆ ಕಳ್ಳರದ್ದೇ ಅಂತ ಆಗ ಹೊಳೆಯಿತು. ಅವನು ನಗಲಿಲ್ಲ ಪಾಪ. ನಕ್ಕಿದ್ದರೂ ಆಗುತ್ತಿತ್ತು.

ಬ್ಯಾಂಕಿನವರದ್ದು ಬೇರೆ ಕತೆ. ಹಣ ವಾಪಸ್ ಕೇಳಿದರೆ "ನೀವು ದುಡ್ಡು ಕೊಟ್ಟ ಸೇವೆ ನಿಮಗೆ ಸಿಕ್ಕಿದೆಯಲ್ಲ ಸರ್" ಅಂತಾರೆ. ಸಿಕ್ಕಿದೆ, ಹೌದು, ಪಿಡಿಎಫ್! ಇದರ ಬುದ್ಧಿವಂತಿಕೆ ಇರುವುದೇ ಇಲ್ಲಿ. ಹಣ ಕೇಳಿದವನು ಕೊಳ್ಳುವವನಲ್ಲ, ಹಣ ತೆಗೆದುಕೊಂಡವನು ಏನೋ ಒಂದು ಕೊಟ್ಟಿದ್ದಾನೆ. ಯಾರ ಮೇಲೆ ದೂರು ಕೊಡುವುದು? ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ನೀವೂ ಸಿಕ್ಕಿಬಿದ್ದಿದ್ದರೆ ಅವತ್ತೇ ಮಾಡಿ, ನಾಚಿಕೆ ಅಂತ ತಡ ಮಾಡಬೇಡಿ.

ಸರಿಯಾದ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಸೆಡೋ, ಆಫ್ಟರ್ನಿಕ್ ಥರದ ಡೊಮೇನ್ ಮಾರುಕಟ್ಟೆಗಳಲ್ಲಿ ಮಾರಾಟವಾದರೆ ಕಮಿಷನ್ ಮಾರಿದ ಹಣದಲ್ಲೇ ಹಿಡಿಯುತ್ತಾರೆ. ಎಸ್ಕ್ರೋದಲ್ಲಿ ಕೊಳ್ಳುವವನು ಮೊದಲು ಹಣ ಇಡುತ್ತಾನೆ, ಆಮೇಲೆ ನೀವು ಹೆಸರು ವರ್ಗಾಯಿಸುತ್ತೀರಿ. ಹಣ ಬರುವ ಮೊದಲು ಮಾರುವವನ ಕೈಯಿಂದ ಕಾಸು ಬಿಚ್ಚುವ ಮಾತು ಇಲ್ಲಿ ಬರುವುದಿಲ್ಲ. ಟ್ರೇಡ್‌ಮಾರ್ಕ್ ನೋಡಬೇಕಾದರೆ ಭಾರತದ ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಸುಮ್ನೆ ಹುಡುಕಬಹುದು, ದುಡ್ಡಿಲ್ಲ. ಲಕ್ಷಗಟ್ಟಲೆ ಹೂಡುವವನಿಗೆ ಹೆಸರಿನ ಬೆಲೆ ಎಷ್ಟು ಅಂತ ನಾವು ಹೇಳಿಕೊಡಬೇಕಾ?

ಇದನ್ನು ಬರೆಯಲು ಕೂತದ್ದು ಇವತ್ತು ಇನ್ನೊಂದು ಮೇಲ್ ಬಂದದ್ದರಿಂದ. ಈ ಸಲ ಸೀರೆಯ ಹೆಸರಿಗೆ. ಬರೆದವನ ಹೆಸರು ಬೇರೆ, ಒಳಗಿನ ಮಾತು ಅದೇ, ಕದ್ದ ಹೆಸರಿನ ಕತೆಯೂ ಅದೇ. "ಸರ್ಟಿಫಿಕೇಟಿನ ಹಣ ನೀವೇ ಕಟ್ಟಿ, ಅದರ ಎರಡರಷ್ಟನ್ನು ನನ್ನ ಬೆಲೆಯಲ್ಲಿ ಕಳೆದುಕೊಡಿ" ಅಂತ ಉತ್ತರ ಹಾಕಿದ್ದೇನೆ. ಬೆಳಗ್ಗಿನಿಂದ ಸದ್ದಿಲ್ಲ. ನಿಮಗೂ ಬಂದರೆ ಇದೇ ಸಾಲು ಕಳಿಸಿ ನೋಡಿ.