ನಾಲ್ಕು ಸೆಲ್‌ಗೆ ನಾಲ್ಕು ಲೆಕ್ಕ: ಸ್ಮಾರ್ಟ್ ಚಾರ್ಜರ್ ಜೊತೆ ಐದು ವರ್ಷ

ಅಮ್ಮನ ಬಿಪಿ ನೋಡುವ ಮೆಷಿನ್‌ಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ಹಿಂದಿನ ರಾತ್ರಿ ಚಾರ್ಜ್ ಮಾಡಿ ಹಾಕಿದ್ದರೂ ಬೆಳಿಗ್ಗೆ ತೋಳಿನ ಪಟ್ಟಿಗೆ ಗಾಳಿ ತುಂಬುವಾಗಲೇ ಅದು ಆಫ್ ಆಗುತ್ತಿತ್ತು. ಮೆಷಿನ್ನೇ ಕೆಟ್ಟಿದೆ ಅಂದುಕೊಂಡೆ. ಒಮ್ಮೆ ಬಳಸಿ ಎಸೆಯುವ ಮಾಮೂಲಿ ಆಲ್ಕಲೈನ್ ಸೆಲ್ ಹಾಕಿ ನೋಡಿದರೆ ಚೆನ್ನಾಗಿಯೇ ನಡೆಯಿತು. ಅಂದರೆ ತೊಂದರೆ ಇದ್ದದ್ದು ನನ್ನ ರೀಚಾರ್ಜೆಬಲ್ ಸೆಲ್‌ಗಳಲ್ಲಿ. ಆದರೆ ನಾಲ್ಕರಲ್ಲಿ ಯಾವುದು? ಹಳೆಯ ಚಾರ್ಜರ್ ನಾಲ್ಕಕ್ಕೂ ಒಂದೇ ಹಸಿರು ದೀಪ ತೋರಿಸುತ್ತಿತ್ತು.

ಆ ಒಂದು ಪ್ರಶ್ನೆಗಾಗಿ ಸ್ಮಾರ್ಟ್ ಚಾರ್ಜರ್ ಕೊಂಡೆ. ಐದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ನಾನು ಕೊಂಡದ್ದು ನಾಲ್ಕು ಸೆಲ್ ಕೂರುವ, ಪರದೆ ಇರುವ ಚಾರ್ಜರ್. ಆರಿಸುವಾಗ ಮೊದಲು ನೋಡಿದ್ದು ಪ್ರತಿ ಸೆಲ್‌ಗೂ ಬೇರೆ ಬೇರೆ ಲೆಕ್ಕ ಇದೆಯಾ ಅಂತ. ಅಗ್ಗದ ಚಾರ್ಜರ್‌ಗಳಲ್ಲಿ ಎಷ್ಟೋ ಎರಡೆರಡು ಸೆಲ್‌ಗಳನ್ನು ಒಂದು ಜೋಡಿಯಾಗಿ ಚಾರ್ಜ್ ಮಾಡುತ್ತವೆ. ಜೋಡಿಯಲ್ಲಿ ಒಂದು ಅರ್ಧ ತುಂಬಿದ್ದು, ಇನ್ನೊಂದು ಪೂರ್ತಿ ಖಾಲಿ ಇದ್ದರೆ? ಮೊದಲನೆಯದು ತುಂಬಿದ ಮೇಲೂ ಕರೆಂಟ್ ತಿನ್ನುತ್ತಾ ಬಿಸಿಯಾಗುತ್ತದೆ, ಎರಡನೆಯದು ಪೂರ್ತಿ ತುಂಬುವುದೇ ಇಲ್ಲ. ಕೆಲವು ಚಾರ್ಜರ್‌ಗಳು ಬರೀ ಗಂಟೆ ಲೆಕ್ಕದಲ್ಲಿ ನಿಲ್ಲುತ್ತವೆ. ನನ್ನ ಹಳೆಯದು ಹಾಗೇ ಇತ್ತು. ಎಷ್ಟು ಒಳ್ಳೆಯ ಸೆಲ್‌ಗಳನ್ನು ಅದು ಹಾಳು ಮಾಡಿತೋ ಅಂತ ಈಗ ಬೇಸರವಾಗುತ್ತದೆ.

ಸೆಲ್ ತುಂಬಿತು ಅಂತ ಸ್ಮಾರ್ಟ್ ಚಾರ್ಜರ್‌ಗೆ ಹೇಗೆ ಗೊತ್ತಾಗುತ್ತದೆ? ನನ್ನ ರೀಚಾರ್ಜೆಬಲ್ ಸೆಲ್‌ಗಳು ನಿಕಲ್ ಮೆಟಲ್ ಹೈಡ್ರೈಡ್ ಬಗೆಯವು. ಇಂಥ ಸೆಲ್‌ನ ವೋಲ್ಟೇಜ್ ಚಾರ್ಜ್ ಆಗುತ್ತಾ ಏರುತ್ತದೆ. ತುಂಬಿದ ಮೇಲೆ ಕೆಲವೇ ಮಿಲಿವೋಲ್ಟ್‌ನಷ್ಟು ಕೆಳಗಿಳಿಯುತ್ತದೆ. ಆ ಸಣ್ಣ ಇಳಿತವನ್ನು ಹಿಡಿದು ಚಾರ್ಜರ್ ನಿಲ್ಲಬೇಕು. ಕರೆಂಟ್ ತೀರಾ ಕಡಿಮೆ ಇಟ್ಟರೆ ಆ ಇಳಿತ ಸರಿಯಾಗಿ ಕಾಣುವುದೇ ಇಲ್ಲ. ಇದನ್ನು ನಾನು ಕಲಿತದ್ದು ಒಂದು ಹಳೆಯ ಸೆಲ್‌ನಿಂದ. ನಿಧಾನ ಮಾಡಿದಷ್ಟೂ ಸೆಲ್‌ಗೆ ಒಳ್ಳೆಯದು ಅಂದುಕೊಂಡು 200 ಮಿಲಿಆಂಪ್‌ಗೆ ಇಟ್ಟು ಮಲಗಿದ್ದೆ. ಮರುದಿನ ಮಧ್ಯಾಹ್ನ ನೋಡಿದರೆ 2000 ಎಂಎಎಚ್ (ಮಿಲಿಆಂಪ್ ಅವರ್, ಸೆಲ್ ಎಷ್ಟು ಹಿಡಿಸುತ್ತದೆ ಅನ್ನುವ ಅಳತೆ) ಸೆಲ್‌ಗೆ 3400 ಎಂಎಎಚ್ ತುಂಬಿಸಿದ ಲೆಕ್ಕ ಪರದೆಯ ಮೇಲಿತ್ತು. ಚಾರ್ಜ್ ಇನ್ನೂ ನಡೆಯುತ್ತಲೇ ಇತ್ತು. ಸೆಲ್ ಮುಟ್ಟಿದರೆ ಬಿಸಿ. ಆಮೇಲಿಂದ ದೊಡ್ಡ (ಎಎ) ಪೆನ್ಸಿಲ್ ಸೆಲ್‌ಗೆ 700ರಿಂದ 1000, ಸಣ್ಣದಕ್ಕೆ (ಎಎಎ) 400 ಮಿಲಿಆಂಪ್ ಇಡುತ್ತೇನೆ. ಕೊನೆಯ ಹೊತ್ತಿಗೆ ಸೆಲ್ ಸ್ವಲ್ಪ ಬೆಚ್ಚಗಾಗುತ್ತದೆ, ಅದು ಸಹಜ. ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿಯಾದರೆ ತೆಗೆದುಬಿಡಿ.

ಇನ್ನು ಪರದೆಯ ಮೇಲಿನ ಅಂಕಿ. ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಮೊದಲ ತಿಂಗಳು ನಾನೂ ಮಾಡಿಕೊಂಡೆ. ಚಾರ್ಜ್ ಆಗುವಾಗ ಕಾಣುವ ಎಂಎಎಚ್ ಸೆಲ್‌ನ ಸಾಮರ್ಥ್ಯ ಅಲ್ಲ. ಅದು ಚಾರ್ಜರ್ ಒಳಗೆ ತಳ್ಳಿದ ಮೊತ್ತ ಅಷ್ಟೇ, ಅದರಲ್ಲಿ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಸೆಲ್‌ನಲ್ಲಿ ನಿಜವಾಗಿ ಎಷ್ಟಿದೆ ಅಂತ ತಿಳಿಯಬೇಕಾದರೆ ಪೂರ್ತಿ ತುಂಬಿಸಿ, ಖಾಲಿ ಮಾಡುತ್ತಾ ಅಳೆಯಬೇಕು. ಟೆಸ್ಟ್ ಮೋಡ್ ಮಾಡುವುದು ಇದನ್ನೇ: ತುಂಬಿಸುತ್ತದೆ, ಅಳೆಯುತ್ತಾ ಖಾಲಿ ಮಾಡುತ್ತದೆ, ಮತ್ತೆ ತುಂಬಿಸುತ್ತದೆ. ನನ್ನ ಸೆಲ್‌ಗಳಿಗೆ ಅರ್ಧ ದಿನ ಹಿಡಿಯುತ್ತದೆ. ಈ ಮೋಡ್ ಇಲ್ಲದ ಚಾರ್ಜರನ್ನು ನಾನಂತೂ ಇನ್ನು ಕೊಳ್ಳುವುದಿಲ್ಲ.

ಬಿಪಿ ಮೆಷಿನ್‌ನ ನಾಲ್ಕು ಸೆಲ್‌ಗಳನ್ನು ಹಾಗೆ ಅಳೆದಾಗ ಮೂರು 1850ರ ಆಸುಪಾಸು ಬಂದವು. ನಾಲ್ಕನೆಯದು 610. ಇಷ್ಟು ದಿನ ಹುಡುಕುತ್ತಿದ್ದದ್ದು ಸಿಕ್ಕಿತ್ತು. ಸೆಲ್‌ಗಳನ್ನು ಸಾಲಾಗಿ ಹಾಕುವ ಸಾಮಾನಿನಲ್ಲಿ ಸೋತ ಸೆಲ್ ಮೊದಲು ಖಾಲಿಯಾಗುತ್ತದೆ. ಉಳಿದ ಮೂರು ಅದರ ಮೂಲಕವೇ ಕರೆಂಟ್ ತಳ್ಳುತ್ತವೆ. ಆಗ ಆ ಸೆಲ್‌ನ ಪ್ಲಸ್ಸು ಮೈನಸ್ಸು ತಿರುಗುಮುರುಗಾಗಿ ಅದು ಇನ್ನಷ್ಟು ಹಾಳಾಗುತ್ತದೆ. ಸುಮ್ನೆ ನಾಲ್ಕನ್ನೂ ಎಸೆದಿದ್ದರೆ ಮೂರು ಒಳ್ಳೆಯ ಸೆಲ್ ಕಸಕ್ಕೆ ಹೋಗುತ್ತಿದ್ದವು, ಅಲ್ವಾ?

ಅವತ್ತಿಂದ ಪ್ರತಿ ಸೆಲ್ ಮೇಲೂ ಮಾರ್ಕರ್‌ನಲ್ಲಿ ಗುರುತು ಹಾಕುತ್ತೇನೆ: ಕ1, ಕ2, ಕ3, ಕ4. ಮುಂದಿನ ಸೆಟ್ ಖ. ಒಂದು ನೋಟ್‌ಬುಕ್‌ನಲ್ಲಿ ಅಂಕಿ ಬರೆದಿಡುತ್ತೇನೆ. ಒಂದು ಸೆಟ್‌ನ ಸೆಲ್ ಇನ್ನೊಂದರ ಜೊತೆ ಬೆರೆಯುವಂತಿಲ್ಲ.

ಸೆಲ್ ಅನ್ನು ಮತ್ತೆ ಮತ್ತೆ ತುಂಬಿಸಿ ಖಾಲಿ ಮಾಡಿ ಚೇತರಿಸಲು ನೋಡುವ ರಿಫ್ರೆಶ್ ಮೋಡ್ ಬಗ್ಗೆ ಜಾಸ್ತಿ ನಿರೀಕ್ಷೆ ಬೇಡ. ಎರಡು ವರ್ಷ ಡ್ರಾಯರ್‌ನಲ್ಲಿ ಮಲಗಿದ್ದ ಜೋಡಿಯೊಂದು ಮೂರು ಸುತ್ತಿನ ಮೇಲೆ 1500ರಿಂದ 1850ಕ್ಕೆ ಏರಿತು, ಖುಷಿಯಾಯಿತು. ಆದರೆ ಆ 610ರ ಸೆಲ್ 900ಕ್ಕೆ ಹೋಗಿ, ತಿಂಗಳಲ್ಲಿ ಮತ್ತೆ ಕೆಳಗೆ ಬಂತು. ಬಳಸದೆ ಮಂಕಾದ ಸೆಲ್ ಎಚ್ಚರವಾಗುತ್ತದೆ, ಸವೆದ ಸೆಲ್ ಆಗುವುದಿಲ್ಲ.

ಸೆಲ್ ಆರಿಸುವಾಗ ದೊಡ್ಡ ಅಂಕಿಗೆ ಮರುಳಾಗಬೇಡಿ. ಮೊದಲೆಲ್ಲ ಈ ಸೆಲ್‌ಗಳು ಸುಮ್ಮನೆ ಇಟ್ಟರೂ ಕೆಲವು ತಿಂಗಳಲ್ಲಿ ಖಾಲಿಯಾಗುತ್ತಿದ್ದವು. 2005ರಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ತಂದ ಎನೆಲೂಪ್ ಸೆಲ್ ಆ ಕಷ್ಟ ತಪ್ಪಿಸಿತು, ಈಗ ಅದು ಪ್ಯಾನಸೋನಿಕ್ ಹೆಸರಲ್ಲಿ ಬರುತ್ತದೆ. ಅದರ 2000 ಎಂಎಎಚ್ ಸೆಲ್‌ಗೆ ಕಂಪನಿ ಹೇಳುತ್ತಾ ಬಂದದ್ದು 2100 ಸಲ ಚಾರ್ಜ್. ಅದೇ ಕಂಪನಿಯ 2500ರ ಸೆಲ್‌ಗೆ 500 ಸಲ. ಕ್ಯಾಮೆರಾ ಫ್ಲ್ಯಾಶ್ ಬಳಸುವವರಿಗೆ ದೊಡ್ಡದು ಸರಿ. ಮನೆಗೆ 2000 ಸಾಕು.

ನನ್ನ ಚಾರ್ಜರ್‌ನಲ್ಲಿ ಕೊರತೆಗಳೂ ಇವೆ. ಕರೆಂಟ್ ಹೋಗಿ ಬಂದರೆ ಟೆಸ್ಟ್ ಮರೆತು ಮಾಮೂಲಿ ಚಾರ್ಜ್ ಶುರು ಮಾಡುತ್ತದೆ. ಹತ್ತು ಗಂಟೆಯ ಅಳತೆ ಹಾಗೆ ಹೋದಾಗ ಹೊಟ್ಟೆ ಉರಿಯುತ್ತದೆ. ಸಣ್ಣ ಸೆಲ್‌ಗಳು ಸ್ಪ್ರಿಂಗ್‌ಗೆ ಸರಿಯಾಗಿ ಕೂರುವುದಿಲ್ಲ, ಒಮ್ಮೆ ತಿರುಗಿಸಿ ಕೂರಿಸಬೇಕು. ಸೆಲ್‌ನ ಒಳಗಿನ ರೆಸಿಸ್ಟೆನ್ಸ್ (ಕರೆಂಟ್‌ಗೆ ಒಡ್ಡುವ ತಡೆ) ತೋರಿಸುವ ಅಂಕಿ ಪ್ರತಿ ಸಲ ಬೇರೆ ಬರುತ್ತದೆ, ನಾನು ಅದನ್ನು ನೋಡುವುದೇ ಬಿಟ್ಟಿದ್ದೇನೆ. ತೀರಾ ಖಾಲಿಯಾದ ಸೆಲ್ ಇಟ್ಟರೆ ಸೆಲ್ಲೇ ಇಲ್ಲ ಅನ್ನುತ್ತದೆ. ಅಂಥದನ್ನು ಹಳೆಯ ಚಾರ್ಜರ್‌ನಲ್ಲಿ ಹತ್ತು ನಿಮಿಷ, ಕಣ್ಣೆದುರೇ ಇಟ್ಟು, ಆಮೇಲೆ ಇದಕ್ಕೆ ಹಾಕುತ್ತೇನೆ. ಹಳೆಯದನ್ನು ಉಳಿಸಿಕೊಂಡಿರುವುದು ಅದಕ್ಕೇ.

ಒಂದು ಎಚ್ಚರಿಕೆ, ಮಕ್ಕಳಿರುವ ಮನೆಯವರಿಗೆ. ಪೆನ್ಸಿಲ್ ಸೆಲ್ ಅಳತೆಯದೇ ಲಿಥಿಯಂ ಸೆಲ್ ಇದೆ, 14500 ಅಂತ. ಅದು 3.7 ವೋಲ್ಟ್, ಮಾಮೂಲಿ ಪೆನ್ಸಿಲ್ ಸೆಲ್‌ಗಿಂತ ಎಷ್ಟೋ ಹೆಚ್ಚು. ಎರಡೂ ಬಗೆ ಹಿಡಿಸುವ ಚಾರ್ಜರ್ ಇದ್ದರೆ ಲಿಥಿಯಂ ಸೆಲ್‌ಗಳನ್ನು ಬೇರೆ ಡಬ್ಬಿಯಲ್ಲಿಡಿ. ಆಟಿಕೆಗೆ ಹೋದರೆ ಆಟಿಕೆ ಸುಟ್ಟುಹೋಗಬಹುದು. ಆಲ್ಕಲೈನ್ ಸೆಲ್ ಅನ್ನಂತೂ ಯಾವ ಚಾರ್ಜರ್‌ಗೂ ಹಾಕಬೇಡಿ.

ಐದು ವರ್ಷದಲ್ಲಿ ಬೇಗ ಸೋತದ್ದು ಸದಾ ಸ್ಟ್ಯಾಂಡ್ ಮೇಲೆ ಚಾರ್ಜ್ ಆಗುತ್ತಲೇ ಇರುವ ಕಾರ್ಡ್‌ಲೆಸ್ ಫೋನಿನ ಸಣ್ಣ ಸೆಲ್‌ಗಳು. ಸಾಮರ್ಥ್ಯ ಇಳಿದ ಸೆಲ್‌ಗಳನ್ನು ಒಂದೊಂದಾಗಿ ಗೋಡೆ ಗಡಿಯಾರಗಳಿಗೆ ಹಾಕಿದ್ದೇನೆ, ಅಲ್ಲಿ ಇನ್ನೂ ಓಡುತ್ತಿವೆ. ಬಿಪಿ ಮೆಷಿನ್‌ಗೆ ಆಮೇಲೆ ತಂದ ಹೊಸ ಸೆಟ್ ಅನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಅಳೆಯುತ್ತೇನೆ. ಕಳೆದ ಸಲ 1810, 1800, 1720, 1805 ಬಂತು. ಮೂರನೆಯದರ ಪಕ್ಕ ನೋಟ್‌ಬುಕ್‌ನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ.