ಸಣ್ಣ ಹಾಲ್‌ಗೆ ವೈರ್‌ಲೆಸ್ ಸ್ಟೀರಿಯೊ: ಮೂರು ಜೋಡಣೆ ಹಚ್ಚಿ ನೋಡಿದ ಮೇಲೆ

ಬಳ್ಳಾರಿಯ ಒಂದು ಆರ್‌ಸಿಸಿ ಮನೆ, 12 ಅಡಿಗೆ 14 ಅಡಿ ಹಾಲ್, ನೆಲಕ್ಕೆ ಗ್ರಾನೈಟ್. ಅಲ್ಲಿ ಅವೇ ಹಾಡುಗಳನ್ನು ಮೂರು ಬಗೆಯ ಜೋಡಣೆಯಲ್ಲಿ ಕೇಳಿ ನೋಡಿದೆವು. ಮೊದಲನೆಯದು ಆಂಪ್ಲಿಫೈಯರ್ (ಆಂಪ್), ಬ್ಲೂಟೂತ್ ಎರಡೂ ಒಳಗೇ ಇರುವ ಪವರ್ಡ್ ಸ್ಪೀಕರ್ ಜೋಡಿ, ಎಡಿಫೈಯರ್ ಆರ್1280ಡಿಬಿ. ಎರಡನೆಯದು ಟಿಪಿಎ3116 ಚಿಪ್ ಇರುವ ಅಂಗೈ ಅಗಲದ ಆಂಪ್, 8 ಓಮ್‌ನ ಬುಕ್‌ಶೆಲ್ಫ್ ಸ್ಪೀಕರ್, ಹಾಡು ತರಲು ವೀಮ್ ಮಿನಿ ಎಂಬ ವೈಫೈ ಸ್ಟ್ರೀಮರ್. ಮೂರನೆಯದರಲ್ಲಿ ಆಂಪ್, ಸ್ಪೀಕರ್ ಎರಡೂ ಅವೇ. ಸ್ಟ್ರೀಮರ್ ಜಾಗಕ್ಕೆ ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್, ಜೊತೆಗೆ ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಂಕೇತವಾಗಿಸುವ ಪಿಸಿಎಂ5102 ಡ್ಯಾಕ್ ಬೋರ್ಡು.

ನಮ್ಮ ಕಡೆಯ ಮನೆಗಳಿಗೆ ಎರಡನೆಯದೇ ಸರಿ ಅನ್ನುವುದು ನಮ್ಮ ಅಭಿಪ್ರಾಯ. ಸ್ಪೀಕರ್ ಹದಿನೈದು ವರ್ಷ ಬಾಳುತ್ತದೆ, ವೈರ್‌ಲೆಸ್ ಭಾಗ ಅಷ್ಟು ಬಾಳುವುದಿಲ್ಲ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ ಎಂಬ ಸ್ಟ್ರೀಮರ್‌ನ ತಯಾರಿಕೆ 2019ರಲ್ಲೇ ನಿಂತಿತು; ಆಗ ಅದನ್ನು ಹಚ್ಚಿಕೊಂಡವರು ಈಗ ಆ ಪುಟ್ಟ ಡಬ್ಬಿ ಒಂದನ್ನೇ ಬದಲಿಸಿದರೆ ಸಾಕು, ಆಂಪ್ ಸ್ಪೀಕರ್ ಮುಟ್ಟಬೇಕಿಲ್ಲ. ಪವರ್ಡ್ ಸ್ಪೀಕರ್‌ನೊಳಗಿನ ಬ್ಲೂಟೂತ್ ಹಳತಾದರೆ ಹೊರಗಿನಿಂದ ಸ್ಟ್ರೀಮರ್ ಸಿಕ್ಕಿಸಬಹುದು ನಿಜ, ಆದರೆ ಒಳಗಿನ ಆಂಪ್ ಸುಟ್ಟರೆ ಇಡೀ ಪೆಟ್ಟಿಗೆಯೇ ರಿಪೇರಿಗೆ ಹೋಗಬೇಕು.

ಹಾಗಂತ ಎಡಿಫೈಯರ್ ಕಳಪೆ ಅಲ್ಲ. ಎರಡೂ ಸೇರಿ 42 ವ್ಯಾಟ್, 4 ಇಂಚಿನ ವೂಫರ್ (ತಗ್ಗು ದನಿಯ ಕೋನ್). ಈ ಹಾಲ್‌ಗೆ ಧಾರಾಳ. ಬಲಗಡೆಯ ಪೆಟ್ಟಿಗೆಯಲ್ಲೇ ಆಂಪ್ ಇದೆ, ಅಲ್ಲಿಂದ ಎಡಗಡೆಗೆ ಒಂದು ವೈರ್ ಎಳೆದರೆ ಕೆಲಸ ಮುಗಿಯಿತು. ಬಾಡಿಗೆ ಮನೆಯವರು, ವೈರ್ ಕೆಲಸ ಬೇಡ ಅನ್ನುವವರು ಕಣ್ಣುಮುಚ್ಚಿ ಇದನ್ನೇ ತರಬಹುದು. ತೊಂದರೆ ಬ್ಲೂಟೂತ್‌ನದು. ಹಾಡು ಫೋನ್ ಮೂಲಕವೇ ಹಾಯುವುದರಿಂದ ಫೋನ್ ಬಂದರೆ ಹಾಡು ನಿಲ್ಲುತ್ತದೆ, ಫೋನ್ ಹಿಡಿದು ಅಡುಗೆಮನೆಗೆ ಹೋದರೆ ತುಂಡಾಗುತ್ತದೆ. ಬ್ಲೂಟೂತ್ ಹಾಡನ್ನು ಕುಗ್ಗಿಸಿ ಕಳಿಸುವ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಕೋಡೆಕ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 328 ಕಿಲೋಬಿಟ್, ಸಿಡಿಯಲ್ಲಿ 1411. ಅಂಕಿ ನೋಡಿದರೆ ದೊಡ್ಡ ಅಂತರ, ಕಿವಿಗೆ ಅಷ್ಟಿಲ್ಲ. ತಂಬೂರಿಯ ನಾದ ತೆಳುವಾಗಿ ಹಿಂದೆ ಸರಿಯುವ ಕಡೆ ಮಾತ್ರ ಕೊಂಚ ಗೊತ್ತಾಗುತ್ತದೆ. ವೈಫೈಗೆ ಹೋಗಬೇಕಾದ ದೊಡ್ಡ ಕಾರಣ ಸ್ವರದ ಶುದ್ಧಿಗಿಂತ ಹಾಡು ತುಂಡಾಗದಿರುವುದು.

ವೀಮ್ ಮಿನಿಯಲ್ಲಿ ಸ್ಪಾಟಿಫೈ ಕನೆಕ್ಟ್ ಬಳಸಿದರೆ ಡಬ್ಬಿಯೇ ನೇರವಾಗಿ ಇಂಟರ್ನೆಟ್‌ನಿಂದ ಹಾಡು ಎಳೆದುಕೊಳ್ಳುತ್ತದೆ, ಫೋನ್ ಬರೀ ರಿಮೋಟ್. ಐಫೋನ್ ಇದ್ದವರಿಗೆ ಏರ್‌ಪ್ಲೇ 2 (ವೈಫೈ ಮೇಲೆ ಹಾಡು ಕಳಿಸುವ ಆಪಲ್‌ನ ದಾರಿ) ಇದೆ, ಆದರೆ ಫೋನ್‌ನಿಂದ ಏರ್‌ಪ್ಲೇ ಮಾಡಿದಾಗ ಹಾಡು ಫೋನ್ ದಾಟಿಯೇ ಬರುತ್ತದೆ. ಆಂಡ್ರಾಯ್ಡ್‌ನವರು ಕೊಳ್ಳುವ ಮುಂಚೆ ಗಮನಿಸಲಿ: ಮಿನಿಯಲ್ಲಿ ಕ್ರೋಮ್‌ಕಾಸ್ಟ್ (ಆ್ಯಪ್‌ನಿಂದ ಡಬ್ಬಿಗೆ ಹಾಡು ಕಳಿಸುವ ಗೂಗಲ್‌ನ ದಾರಿ) ಇಲ್ಲ. ಯೂಟ್ಯೂಬ್ ಮ್ಯೂಸಿಕ್‌ನಲ್ಲೇ ಹಾಡು ಕೇಳುವ ಮನೆಯಾದರೆ ಕ್ರೋಮ್‌ಕಾಸ್ಟ್ ಇರುವ ವೀಮ್ ಪ್ರೊ ತರಬೇಕು. ಇಲ್ಲದಿದ್ದರೆ ಮತ್ತೆ ಬ್ಲೂಟೂತೇ ಗತಿ.

ಜೋಡಿಸುವಾಗ ಮೊದಲು ಸಿಗುವ ತೊಡಕು ಫೋನ್‌ಗೆ ಸ್ಟ್ರೀಮರ್ ಕಾಣದಿರುವುದು. ಫೋನ್ ಒಂದು ನೆಟ್‌ವರ್ಕ್‌ನಲ್ಲಿ, ಡಬ್ಬಿ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಇದ್ದರೆ ಹೀಗಾಗುತ್ತದೆ. ಎರಡನ್ನೂ ಒಂದೇ ಹೆಸರಿನ ವೈಫೈಗೆ ತನ್ನಿ. ಹಳೆಯ ಮಾಳಿಗೆ ಮನೆಗಳ ಮೊಳದಗಲ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ. ಅಲ್ಲಿ 2.4 ಇಟ್ಟು, ರೂಟರ್‌ನಲ್ಲಿ ಚಾನೆಲ್ 1, 6, 11ರಲ್ಲಿ ಅಕ್ಕಪಕ್ಕದವರು ಕಡಿಮೆ ಬಳಸುವುದನ್ನು ಆರಿಸಿ. ಕರೆಂಟ್ ಹೋದಾಗಲೆಲ್ಲ ರೂಟರ್ ಎದ್ದೇಳುವವರೆಗೆ ಕಾಯುವುದು ಬೇಡವಾದರೆ ಅದಕ್ಕೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಗುಂಯ್ ಅಂದರೆ ಆಂಪ್ ಮೇಲೆ ಅನುಮಾನ ಪಡಬೇಡಿ; ಸೈನ್ ವೇವ್ ಇನ್ವರ್ಟರ್‌ಗೆ ಹಾಕಿದರೆ ಬಹುಪಾಲು ನಿಲ್ಲುತ್ತದೆ.

ಆಂಪ್ ಡಬ್ಬದ ಮೇಲಿನ 100 ವ್ಯಾಟ್ ನಂಬಬೇಡಿ. ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಓಮ್‌ನ ಎರಡರಷ್ಟರಿಂದ ಭಾಗಿಸಿ: 24 ವೋಲ್ಟ್, 8 ಓಮ್‌ಗೆ ಒಂದು ಬದಿಗೆ 36 ವ್ಯಾಟ್, ಅದೂ ಲೆಕ್ಕದಲ್ಲಿ. ಹಳೆಯ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಹಾಕಿದರೆ 22. ಅಷ್ಟು ಸಾಕು. 86 ಡೆಸಿಬಲ್ ಸೆನ್ಸಿಟಿವಿಟಿಯ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು) ಸ್ಪೀಕರ್‌ಗೆ 10 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 96 ಡೆಸಿಬಲ್, ಪಕ್ಕದ ಮನೆಯವರು ಬಾಗಿಲು ಬಡಿಯುವಷ್ಟು. ಆದ್ದರಿಂದ ದುಡ್ಡಿನ ಅರ್ಧಕ್ಕಿಂತ ಹೆಚ್ಚು ಪಾಲು ಸ್ಪೀಕರ್‌ಗೆ ಹೋಗಲಿ, ವ್ಯಾಟ್‌ಗೆ ಬೇಡ.

ರಾಸ್ಪ್‌ಬೆರಿ ಪೈ ದಾರಿ ಸ್ವಂತ ಸಂಗ್ರಹ ಇರುವವರದು. ಸಿಡಿಯಿಂದ ಇಳಿಸಿಕೊಂಡ ವಚನ, ದಾಸರ ಪದ, ಖ್ಯಾಲ್ ಪೆನ್‌ಡ್ರೈವ್‌ನಲ್ಲಿದ್ದರೆ ಇಂಟರ್ನೆಟ್ ಇಲ್ಲದೆಯೂ ಹಾಡುತ್ತದೆ. ಡ್ಯಾಕ್ ಬೋರ್ಡಿಗೆ ಐದೇ ವೈರು (ಹೆಸರು ಬೋರ್ಡಿನದು, ಪಿನ್ ಸಂಖ್ಯೆ ಪೈಯದು): 5 ವೋಲ್ಟ್ ಪಿನ್ 2ರಿಂದ, ಗ್ರೌಂಡ್ ಪಿನ್ 6ರಿಂದ, ಬಿಸಿಕೆ ಪಿನ್ 12ಕ್ಕೆ, ಎಲ್‌ಆರ್‌ಸಿಕೆ 35ಕ್ಕೆ, ಡಿನ್ 40ಕ್ಕೆ. ಎಸ್‌ಸಿಕೆ ಕಾಲನ್ನು ಗ್ರೌಂಡ್‌ಗೆ ಬೆಸೆಯದಿದ್ದರೆ ಹಾಡು ಬರುವುದಿಲ್ಲ, ಬಂದರೂ ಕರಕರ ಅನ್ನುತ್ತದೆ; ಬೋರ್ಡು ಕೆಟ್ಟಿದೆ ಅಂತ ಎಸೆಯುವ ಮುಂಚೆ ಈ ಬೆಸುಗೆ ನೋಡಿ. ಸಾಫ್ಟ್‌ವೇರ್‌ನಲ್ಲಿ ಹೈಫೈಬೆರಿ ಡ್ಯಾಕ್ ಅಂತ ಆರಿಸಬೇಕು. ಪೈಯಲ್ಲಿ ಹಾಡು ನುಡಿಸುವ ಸಾಫ್ಟ್‌ವೇರ್‌ಗಳಲ್ಲಿ ಮೂಡ್, ವೊಲುಮಿಯೊ ಎರಡೂ ನೋಡಲು ಚೆಂದ. ಆದರೆ ಕರೆಂಟ್ ಹೇಳದೆ ಹೋಗುವ ಊರಿಗೆ ಪೈಕೋರ್‌ಪ್ಲೇಯರ್ ವಾಸಿ: ಅದು ಇಡಿಯಾಗಿ ರ‍್ಯಾಮ್‌ನಲ್ಲಿ ಓಡುವುದರಿಂದ ಪಟ್ಟನೆ ಆಫ್ ಆದರೆ ಎಸ್‌ಡಿ ಕಾರ್ಡ್ ಹಾಳಾಗುವ ಭಯ ತೀರ ಕಡಿಮೆ. ಈ ಪೈಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ನೆನಪಿರಲಿ.

ಆಂಪ್‌ನ ಅಡಾಪ್ಟರ್‌ನಿಂದಲೇ ವೋಲ್ಟೇಜ್ ಇಳಿಸಿ ಪೈಗೆ ಕೊಟ್ಟಾಗ ಸ್ಪೀಕರ್‌ನಲ್ಲಿ ಸಣ್ಣಗೆ ಕೀಂಯ್ ಅನ್ನುವ ಸದ್ದು ಕೇಳಿತು. ಎರಡಕ್ಕೂ ಗ್ರೌಂಡ್ ಒಂದೇ ಆಗಿ, ಪೈಯ ಕರೆಂಟ್‌ನ ಏರಿಳಿತ ಹಾಡಿನ ವೈರ್ ಹಿಡಿದು ಆಂಪ್‌ಗೆ ಹೊಕ್ಕುವುದೇ ಕಾರಣ. ಪೈಗೆ ಬೇರೆ 5 ವೋಲ್ಟ್, 2.5 ಆಂಪಿಯರ್ ಚಾರ್ಜರ್ ಕೊಟ್ಟ ಕೂಡಲೇ ಸದ್ದು ಮಾಯ. ಅಗ್ಗದ ಬ್ಲೂಟೂತ್ ಬೋರ್ಡಿಗೂ ಇದೇ ರೋಗ. ಅಲ್ಲಿ ಗ್ರೌಂಡ್ ಬೇರ್ಪಡಿಸುವ ಬಿ0505ಎಸ್ ಐಸೊಲೇಟರ್ ಸಾಕು. ಅದು ಒಂದೇ ವ್ಯಾಟ್‌ನದಾದ್ದರಿಂದ ಪೈಗೆ ಹಾಕಬೇಡಿ.

ಮೂರಕ್ಕೂ ಒಂದೇ ಶತ್ರು ಅಂದರೆ ಕೋಣೆ. ಗ್ರಾನೈಟ್ ನೆಲ, ಬೋಳು ಗೋಡೆ, ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಝಣ್ ಅಂತ ಮರುದನಿ. ಸ್ಪೀಕರ್ ಮುಂದಿನ ನೆಲಕ್ಕೆ ದಪ್ಪ ಜಮಖಾನ ಹಾಸಿ, ಕೂರುವ ಜಾಗದ ಹಿಂದಿನ ಗೋಡೆಗೆ ಒಂದು ಗಾದಿ ಒರಗಿಸಿದಾಗ ಆದ ಸುಧಾರಣೆ, ಸ್ಟ್ರೀಮರ್ ಬದಲಿಸಿದಾಗ ಆದದ್ದಕ್ಕಿಂತ ಎಷ್ಟೋ ದೊಡ್ಡದು. ಸ್ಪೀಕರ್‌ಗಳ ನಡುವೆ ಆರು ಅಡಿ, ಕೂರುವವರಿಗೂ ಅಷ್ಟೇ ದೂರ. ಹಿಂಬದಿ ತೂತು ಇರುವ ಪೆಟ್ಟಿಗೆಯಾದರೆ ಗೋಡೆಯಿಂದ ಒಂದಡಿ ಮುಂದಿರಲಿ, ಇಲ್ಲವಾದರೆ ತಬಲಾದ ಡಗ್ಗಾ ಬುಡುಬುಡು ಆಗುತ್ತದೆ. ಟ್ವೀಟರ್ (ತಾರಕ ದನಿಯ ಪುಟ್ಟ ಗುಮ್ಮಟ) ಕಿವಿಯ ಎತ್ತರಕ್ಕೆ ಬರಬೇಕು. ಚಾಪೆ ಮೇಲೆ ಕೂತು ಕೇಳುವ ಮನೆಯಲ್ಲಿ ಸ್ಟ್ಯಾಂಡ್ ತಗ್ಗಿಸಿ. ಆಮೇಲೆ ಒಂದು ಹಳೆಯ ಮೋನೋ ಧ್ವನಿಮುದ್ರಣ ಹಾಕಿ: ದನಿ ಎರಡೂ ಪೆಟ್ಟಿಗೆಯ ನಟ್ಟನಡುವೆ ನಿಲ್ಲಬೇಕು. ನಿಲ್ಲದೆ ಹಾಲ್ ತುಂಬ ಚೆಲ್ಲಾಡಿ, ಬೇಸ್ ಸೊರಗಿದರೆ ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾಗಿದೆ.

ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಓಡುವಾಗ ಯಾವ ಜೋಡಣೆಯ ಸೂಕ್ಷ್ಮವೂ ಕೇಳುವುದಿಲ್ಲ. ಕೂಲರ್‌ನ ತೇವದ ಗಾಳಿ ನೇರ ಸ್ಪೀಕರ್‌ಗೆ ಬಡಿಯದಂತೆ ಇಡಿ. ತೇವ, ಧೂಳು ಎರಡೂ ಸೇರಿದರೆ ತಾಮ್ರದ ತುದಿ ಕಪ್ಪಾಗುತ್ತದೆ. ಯುಗಾದಿಗೆ ಮನೆ ಸುಣ್ಣ ಬಳಿಯುವಾಗ ಪೆಟ್ಟಿಗೆಗಳಿಗೆ ಹಳೆ ಸೀರೆ ಹೊದಿಸಿ, 1.5 ಚದರ ಮಿಲಿಮೀಟರ್ ವೈರ್‌ನ ಕಪ್ಪಾದ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ, ಹೊಸದಾಗಿ ಸುಲಿದು, ಬಿಗಿಯಾಗಿ ತಿರುಗಿಸಿ. ಟ್ವೀಟರ್ ಮೇಲಿನ ಕೆಂಪು ಧೂಳನ್ನು ಬಟ್ಟೆಯಿಂದ ಒರೆಸದೆ ಮೆತ್ತನೆ ಪೇಂಟಿಂಗ್ ಬ್ರಷ್‌ನಿಂದ ತೆಗೆಯಿರಿ. ರೇಷ್ಮೆ ಗುಮ್ಮಟ ಒಮ್ಮೆ ಒಳಗೆ ತಗ್ಗಿದರೆ ಮೊದಲಿನಂತೆ ಮೇಲೇಳುವುದು ಕಷ್ಟ.