ಪ್ರತಿಭಾ ಕಾರಂಜಿ ಡ್ರೆಸ್ ಬಾಡಿಗೆ: ಗಾಂಧಿ ಬಜಾರಿನ ಮಹಡಿ ಅಂಗಡಿ

ಮಗಳು ಒಂಬತ್ತನೇ ಕ್ಲಾಸು. ಈ ಸಲ ಅವಳ ಹೈಸ್ಕೂಲಿನಿಂದ ಪ್ರತಿಭಾ ಕಾರಂಜಿಗೆ ಆರು ಹುಡುಗಿಯರ ಡೊಳ್ಳು ಕುಣಿತ. ಕ್ಲಸ್ಟರ್ ಮಟ್ಟದಲ್ಲಿ ಅಪ್ಪಂದಿರ ಪಂಚೆ, ಜುಬ್ಬ ಹಾಕಿಸಿ ಹೇಗೋ ದಾಟಿಸಿದ್ದರು. ತಾಲ್ಲೂಕಿಗೆ ಆಯ್ಕೆಯಾದ ಮೇಲೆ 'ಡ್ರೆಸ್ ಸರಿ ಇರಬೇಕು' ಅಂತ ಟೀಚರ್ ಅಂದರು, ತರುವ ಕೆಲಸ ನನ್ನ ತಲೆಗೆ ಬಂತು. ತೀರ್ಥಹಳ್ಳಿಯಿಂದ ಬಸ್ಸು ಹತ್ತಿ, ಸುಮಾರು 60 ಕಿಲೋಮೀಟರ್ ಮಳೆಯಲ್ಲೇ ಬಂದು ಶಿವಮೊಗ್ಗದಲ್ಲಿ ಇಳಿದೆ.

ಅಂಗಡಿ ಗಾಂಧಿ ಬಜಾರಿನ ಒಂದು ಓಣಿಯಲ್ಲಿ, ಮಹಡಿ ಮೇಲಿದೆ. ಬೋರ್ಡು ಕಾಣಲ್ಲ, ಕೇಳಿಕೊಂಡೇ ಹೋಗಬೇಕು. ಯಜಮಾನರು ಎಷ್ಟು ದಿನಕ್ಕೆ ಬೇಕು ಅಂತ ಕೇಳುವ ಮೊದಲು 'ಯಾವ ಕುಣಿತ ಮೇಡಂ?' ಅಂದರು. ನನಗೆ ಅಲ್ಲಿ ತೂಗುಹಾಕಿದ್ದ ಕೆಂಪು ಬಣ್ಣದ, ಎದೆಗೆ ಫಳಫಳ ಹೊಳೆಯುವ ಹಲಗೆ ಇರೋ ಸೆಟ್ ಮೇಲೆ ಕಣ್ಣು. 'ಅದು ವೀರಗಾಸೆದು, ಡೊಳ್ಳಿಗೆ ಹಾಕಿಸಿದ್ರೆ ಜಡ್ಜು ನಗ್ತಾರೆ. ಡೊಳ್ಳು ಕುರಿ ಕಾಯೋ ಕುರುಬರ ದೇವರು ಬೀರದೇವರದು, ಕಂಬಳಿ ಇಲ್ದೆ ಹೆಂಗೆ?' ಅಂತ ಕೊಡಲೇ ಇಲ್ಲ. ಆ ಸೆಟ್ಟಿಗೆ ಬಾಡಿಗೆ ದುಪ್ಪಟ್ಟು, ಕೊಟ್ಟಿದ್ದರೆ ಅವರಿಗೇ ಲಾಭ ಇತ್ತು! ಕಚ್ಚೆ ಪಂಚೆ, ಸೊಂಟಕ್ಕೆ ಕರಿ ಕಂಬಳಿ, ರುಮಾಲು, ಕಾಲಿಗೆ ಗೆಜ್ಜೆ, ಇಷ್ಟೇ ಕಟ್ಟಿಕೊಟ್ಟರು. ರುಮಾಲು ಸುತ್ತುವುದನ್ನು ನನ್ನ ತಲೆಗೇ ಸುತ್ತಿ ತೋರಿಸಿದರು, ನಾನು ವಿಡಿಯೋ ಮಾಡಿಕೊಂಡೆ.

ಸೆಟ್ಟಿಗೆ ಎರಡು ದಿನಕ್ಕೆ 150 ರೂಪಾಯಿ, ಅಡ್ವಾನ್ಸ್ 2,000. ವಾಪಸ್ ಕೊಟ್ಟಾಗ ಅಡ್ವಾನ್ಸು ಪೂರ್ತಿ ಬಂತು.

ಇನ್ನು ಬೇಜಾರಿನ ವಿಷಯ. ಮನೆಗೆ ಬಂದು ಗಂಟು ಬಿಚ್ಚಿದರೆ ಕಂಬಳಿ ಹಸಿ ಹಸಿ, ಮುಗ್ಗಲು ವಾಸನೆ. ಮಲೆನಾಡಿನ ಮಳೆಗಾಲದಲ್ಲಿ ಒಣಗೋದು ಕಷ್ಟ, ಒಪ್ಪಿದೆ, ಆದರೆ ಬಾಡಿಗೆ ತಗೊಂಡ ಮೇಲೆ ಅದನ್ನು ರಾತ್ರಿಯಿಡೀ ಒಲೆ ಹತ್ತಿರ ಒಣಗಿಸುವ ಕೆಲಸ ನಮ್ಮದಾ? ಒಂದು ಗೆಜ್ಜೆಯ ಪಟ್ಟಿ ಕಿತ್ತಿತ್ತು. ಪಂಚೆಗಳೆಲ್ಲ ದೊಡ್ಡವರ ಅಳತೆ, ಎಂಟನೇ ಕ್ಲಾಸಿನ ಪುಟ್ಟ ಹುಡುಗಿಗೆ ಮೂರು ಮಡಿಕೆ ಹಾಕಿ ಪಿನ್ನು ಚುಚ್ಚಿದೆವು. ಹೈಸ್ಕೂಲ್ ಮಕ್ಕಳೇ ಜಾಸ್ತಿ ಬರೋ ಅಂಗಡಿಯಲ್ಲಿ ಮಕ್ಕಳ ಅಳತೆ ಇಡಬಾರದಾ?

ಡೊಳ್ಳು ಇಲ್ಲಿ ಸಿಗಲ್ಲ. ನಾವು ಪಕ್ಕದ ಊರಿನ ತಂಡದವರ ಹತ್ತಿರ ಕೇಳಿ ತಂದೆವು. ಅದೂ ಮಳೆಗೆ ಚರ್ಮ ಸಡಿಲಾಗಿ ಡಬಡಬ ಅನ್ನುತ್ತಿತ್ತು, ಬಿಸಿಯೂಟದ ಅಡುಗೆಮನೆ ಹಿಂದೆ ಹುಲ್ಲಿಗೆ ಬೆಂಕಿ ಹಾಕಿ ಕಾಯಿಸಿದ ಮೇಲೇ ಸ್ವರ ಬಂದಿದ್ದು. ಹುಡುಗಿಯರಿಗೆ ಕುಣಿದಿದ್ದಕ್ಕಿಂತ ಈ ಬೆಂಕಿ ಕಾಯಿಸಿದ್ದೇ ಖುಷಿ.

ಎರಡನೇ ಬಹುಮಾನ ಬಂತು, ಜಿಲ್ಲೆಗೆ ಹೋಗಲಿಲ್ಲ. ಅದು ಡ್ರೆಸ್ಸಿನ ತಪ್ಪಲ್ಲ, ಮಧ್ಯೆ ಒಬ್ಬಳ ಹೆಜ್ಜೆ ತಪ್ಪಿತು.

ಐದಕ್ಕೆ ಮೂರೂವರೆ ಕೊಡ್ತೀನಿ. ಹೋಗುವವರು ಅಲ್ಲೇ ಗಂಟು ಬಿಚ್ಚಿ, ಗೆಜ್ಜೆ ಅಲ್ಲಾಡಿಸಿ ನೋಡಿ, ಕಂಬಳಿ ಮೂಸಿ ತನ್ನಿ. ಸ್ಕೂಲ್ ಡೇಗಾದರೆ ಹದಿನೈದು ದಿನ ಮೊದಲೇ ಹೇಳಿಡಬೇಕಂತೆ, ಡಿಸೆಂಬರಿನಲ್ಲಿ ಒಂದು ರುಮಾಲೂ ಉಳಿಯಲ್ಲ ಅಂದರು.